ಥ್ಯಾಕರೆ ಎಂಬ ಇಂಗ್ಲಿಷ್ ಅಡ್ಡಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಓದುಗರು ಥ್ಯಾಕರೆ ಎಂಬ ಹೆಸರನ್ನು ಸಾಮಾನ್ಯವಾಗಿ ಎರಡು ಕಡೆ ಎದುರಾಗುತ್ತಾರೆ. ಕಿತ್ತೂರಿನ ಇತಿಹಾಸದಲ್ಲಿ ಅದು ರಾಣಿ ಚೆನ್ನಮ್ಮನ ಸೈನ್ಯದೆದುರು ಪ್ರಾಣ ಬಿಟ್ಟ ಧಾರವಾಡದ ಕಲೆಕ್ಟರನ ಹೆಸರು. ಇಂಗ್ಲಿಷ್ ಸಾಹಿತ್ಯದ ತರಗತಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಒಬ್ಬ ದೊಡ್ಡ ಕಾದಂಬರಿಕಾರನ ಹೆಸರು. ಇವರಿಬ್ಬರ ನಡುವೆ ಸಂಬಂಧವಿತ್ತೇ, ಹೆಸರಿನ ಅರ್ಥವೇನು, ಮಹಾರಾಷ್ಟ್ರದ ಠಾಕ್ರೆ ಮನೆತನಕ್ಕೂ ಇದಕ್ಕೂ ನಂಟುಂಟೇ ಎಂಬ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿರುವುದರಿಂದ, ಅವುಗಳಿಗೆ ಒಂದೇ ಕಡೆ ಉತ್ತರ ಕೊಡುವ ಪ್ರಯತ್ನವಿದು.

ಥ್ಯಾಕರೆ ಎಂಬ ಹೆಸರಿಗೆ ಅರ್ಥವಿದೆಯೇ?

ಇದೆ, ಮತ್ತು ಅದು ಬಹಳ ಸರಳವಾದ, ಹೊಲಗದ್ದೆಗಳ ನಡುವೆ ಹುಟ್ಟಿದ ಅರ್ಥ. ಸ್ಕ್ಯಾಂಡಿನೇವಿಯದ ಹಳೆಯ ನಾರ್ಸ್ ಭಾಷೆಯಲ್ಲಿ ‘ಥಕ್’ ಎಂದರೆ ಮನೆಯ ಮೇಲೆ ಹೊದಿಸುವ ಹುಲ್ಲು ಅಥವಾ ಜೊಂಡು; ‘ವ್ರಾ’ ಅಥವಾ ‘ರಾ’ ಎಂದರೆ ಮೂಲೆ, ಒಂದು ಬದಿಗೆ ಸರಿದ ಜಾಗ. ಎರಡೂ ಕೂಡಿದರೆ ‘ಹೊದಿಕೆಯ ಜೊಂಡು ಬೆಳೆಯುವ ಮೂಲೆ’ ಎಂದಾಗುತ್ತದೆ. ಮೊದಲಿಗೆ ಇದು ಯಾರ ಹೆಸರೂ ಅಲ್ಲ, ನೆಲದ ಒಂದು ತುಂಡಿನ ಹೆಸರು. ಮನೆಗೆ ಹೊಸದಾಗಿ ಹುಲ್ಲು ಹೊದಿಸಬೇಕಾದಾಗ ಎಲ್ಲಿಗೆ ಹೋಗಬೇಕು ಎಂಬುದನ್ನು ಆ ಹೆಸರೇ ಹೇಳುತ್ತಿತ್ತು. ನಮ್ಮ ಮಲೆನಾಡು ಮತ್ತು ಕರಾವಳಿಯಲ್ಲಿ ‘ಮೂಲೆಮನೆ’ ಎಂಬ ಹೆಸರು ಹೇಗೆ ಹುಟ್ಟಿತೆಂದು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆ ಜಾಗ ಇಂದಿಗೂ ಇದೆಯೇ?

ಇದೆ ಎನ್ನುವಂತಿಲ್ಲ, ಅದು ನೀರಿನಡಿಯಲ್ಲಿದೆ. ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದಲ್ಲಿ, ಹ್ಯಾರೋಗೇಟ್ ಪಟ್ಟಣದ ಪಶ್ಚಿಮಕ್ಕೆ, ವಾಶ್‌ಬರ್ನ್ ಎಂಬ ಚಿಕ್ಕ ಹೊಳೆಯ ಕಣಿವೆಯಲ್ಲಿ ಫ್ಯೂಸ್ಟನ್ ಮತ್ತು ಗ್ರೇಟ್ ಟಿಂಬಲ್ ಎಂಬ ಹಳ್ಳಿಗಳಿವೆ. ಥ್ಯಾಕ್ರೇ ಎಂಬ ನೆಲೆ ಅಲ್ಲಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಟ್ಟೆ ಗಿರಣಿಗಳಿಂದ ಬೇಗ ಬೆಳೆದ ಲೀಡ್ಸ್ ನಗರಕ್ಕೆ ಕುಡಿಯುವ ನೀರು ಸಾಲದಾದಾಗ ಈ ಕಣಿವೆಗೆ ಸಾಲುಸಾಲಾಗಿ ಅಣೆಕಟ್ಟುಗಳನ್ನು ಕಟ್ಟಿದರು. 1870ರ ದಶಕದಲ್ಲಿ ಲಿಂಡ್ಲೇ ವುಡ್, ಸ್ವಿನ್‌ಸ್ಟಿ ಮತ್ತು ಫ್ಯೂಸ್ಟನ್ ಜಲಾಶಯಗಳು ಒಂದರ ಹಿಂದೆ ಒಂದರಂತೆ ಮುಗಿದವು. 1966ರಲ್ಲಿ ಮೇಲಿನ ಥ್ರಸ್‌ಕ್ರಾಸ್ ಜಲಾಶಯ ಸೇರಿಕೊಂಡಿತು. ಥ್ಯಾಕ್ರೇ ನೆಲೆಯು ಫ್ಯೂಸ್ಟನ್ ಜಲಾಶಯದಲ್ಲಿ ಮುಳುಗಿತು. ಹಿನ್ನೀರಿನಲ್ಲಿ ಊರು ಕಳೆದುಕೊಂಡು ಊರಿನ ಹೆಸರನ್ನು ಮಾತ್ರ ಉಳಿಸಿಕೊಂಡ ಕುಟುಂಬಗಳನ್ನು ಕಂಡಿರುವ ನಾಡಿನವರಿಗೆ ಈ ಸಂಗತಿ ದೂರದ್ದೆನಿಸುವುದಿಲ್ಲ.

ಇಂಗ್ಲೆಂಡಿನ ಹಳ್ಳಿಗೆ ಸ್ಕ್ಯಾಂಡಿನೇವಿಯದ ಭಾಷೆಯ ಹೆಸರು ಹೇಗೆ ಬಂತು?

866ರಲ್ಲಿ ಡೇನರ ಸೈನ್ಯವೊಂದು ಯಾರ್ಕ್ ನಗರವನ್ನು ಹಿಡಿಯಿತು. ಹತ್ತು ವರ್ಷಗಳ ಬಳಿಕ, 876ರಲ್ಲಿ, ಆ ಸೈನ್ಯದ ನಾಯಕ ಹಾಫ್‌ಡನ್ ಗೆದ್ದ ನೆಲವನ್ನು ತನ್ನವರಿಗೆ ಹಂಚಿದನು. ಅವರು ಅಲ್ಲಿ ಉಳುಮೆಗೆ ನಿಂತರು ಎಂದು ಇಂಗ್ಲೆಂಡಿನ ಹಳೆಯ ವರ್ಷಾವಳಿ ದಾಖಲಿಸಿದೆ. ಪಶ್ಚಿಮದ ಬೆಟ್ಟಸಾಲಿನ ಕಡೆಯಿಂದ ನಾರ್ವೆ ಮೂಲದವರೂ ಬಂದು ನೆಲೆಸಿದರು. ದಂಡೆತ್ತಿ ಬಂದವರ ಭಾಷೆ ಅರಮನೆಯಲ್ಲಿ ಮಾತ್ರ ಉಳಿದಿದ್ದರೆ ಬೇಗ ಅಳಿದುಹೋಗುತ್ತಿತ್ತು. ಅದು ಒಕ್ಕಲಿಗರ ಭಾಷೆಯಾಗಿ ಹೊಲ, ಹಳ್ಳ, ತೋಪು, ಮೂಲೆಗಳ ಹೆಸರಿನಲ್ಲಿ ಇಳಿದದ್ದರಿಂದ ಇಂದಿಗೂ ಉಳಿದಿದೆ. ‘ಬೈ’, ‘ಥ್ವೇಟ್’, ‘ಥಾರ್ಪ್’ ಎಂದು ಕೊನೆಗೊಳ್ಳುವ ಯಾರ್ಕ್‌ಶೈರಿನ ಊರುಗಳ ಹೆಸರುಗಳೆಲ್ಲ ಬಹುಪಾಲು ಇದೇ ಬಗೆಯವು. ಥ್ಯಾಕರೆ ಮನೆತನದ ಕಥೆಯಲ್ಲಿ ಮುಂದೆ ಬರುವ ಹ್ಯಾಂಪ್ಸ್‌ಥ್ವೇಟ್ ಕೂಡ ಆ ಸಾಲಿಗೇ ಸೇರುತ್ತದೆ. ‘ವ್ರಾ’ ಎಂಬ ಪದವೊಂದೇ ಇಂಗ್ಲೆಂಡಿನಲ್ಲಿ ರೇ ಮತ್ತು ರೋ ಎಂಬ ಬೇರೆ ಅಡ್ಡಹೆಸರುಗಳನ್ನೂ ಕೊಟ್ಟಿದೆ.

ಥ್ಯಾಚರ್, ಥ್ಯಾಕರ್ ಎಂಬ ಹೆಸರುಗಳಿಗೂ ಇದಕ್ಕೂ ಸಂಬಂಧವಿದೆಯೇ?

ಪದದ ಬೇರು ಒಂದೇ, ಹೆಸರಿನ ಬಗೆ ಬೇರೆ. ಥ್ಯಾಚರ್ ಎಂದರೆ ಮನೆಗೆ ಹುಲ್ಲು ಹೊದಿಸುವ ಕಸುಬಿನವನು. ಅದು ವೃತ್ತಿಯಿಂದ ಬಂದ ಹೆಸರು. ಉತ್ತರ ಇಂಗ್ಲೆಂಡಿನಲ್ಲಿ ಅದೇ ಕಸುಬಿನವನು ಥ್ಯಾಕರ್ ಅಥವಾ ಥೀಕರ್ ಆದನು. ಥ್ಯಾಕರೆ ಮಾತ್ರ ಜಾಗದಿಂದ ಬಂದದ್ದು; ಆ ಹೆಸರಿನ ಮೊದಲಿಗನು ಹುಲ್ಲು ಹೊದಿಸುತ್ತಿದ್ದನೆಂದು ಊಹಿಸಲು ಆಧಾರವಿಲ್ಲ. ಇಷ್ಟು ಸಾಮ್ಯವಿರುವ ಎರಡು ಹೆಸರುಗಳನ್ನು ಒಂದೇ ಎಂದುಕೊಳ್ಳುವ ತಪ್ಪು ಇಂಗ್ಲೆಂಡಿನಲ್ಲಿಯೇ ಸಾಕಷ್ಟು ನಡೆಯುತ್ತದೆ.

ದಕ್ಷಿಣದಲ್ಲಿ ‘ಚ’, ಉತ್ತರದಲ್ಲಿ ‘ಕ’ ಎಂಬ ವ್ಯತ್ಯಾಸ ಆಕಸ್ಮಿಕವಲ್ಲ. ಹಳೆಯ ಇಂಗ್ಲಿಷಿನಲ್ಲಿ ಕೆಲವು ಸ್ವರಗಳ ನೆರೆಯಲ್ಲಿದ್ದ ಕಕಾರವು ಚಕಾರವಾಯಿತು. ನಾರ್ಸ್ ಭಾಷೆಯಲ್ಲಿ ಹಾಗಾಗಲಿಲ್ಲ. ಆದ್ದರಿಂದಲೇ ದಕ್ಷಿಣದ ‘ಚರ್ಚ್’ ಉತ್ತರದಲ್ಲಿ ‘ಕರ್ಕ್’, ದಕ್ಷಿಣದ ‘ಥ್ಯಾಚ್’ ಉತ್ತರದಲ್ಲಿ ‘ಥ್ಯಾಕ್’. ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಮನೆಯಲ್ಲೇ ಇದೆ: ನಮ್ಮ ‘ಕಿವಿ’ ತೆಲುಗಿನಲ್ಲಿ ‘ಚೆವಿ’, ತಮಿಳಿನಲ್ಲಿ ‘ಸೆವಿ’ ಆಗಿದೆ. ಕಕಾರವನ್ನು ಉಳಿಸಿಕೊಂಡ ಕನ್ನಡದ ಸ್ಥಾನದಲ್ಲಿ ಅಲ್ಲಿ ಯಾರ್ಕ್‌ಶೈರ್ ಇದೆ ಎಂದು ತಿಳಿದರೆ ಸಾಕು.

ಬೇರನ್ನು ಇನ್ನೂ ಹಿಂದಕ್ಕೆ ಹಿಡಿದು ಹೋದರೆ ಬೆರಗಾಗುವಂಥ ನಂಟುಗಳು ಕಾಣುತ್ತವೆ. ಮುಚ್ಚು, ಹೊದಿಸು ಎಂಬ ಅರ್ಥದ ಅದೇ ಇಂಡೋ-ಯುರೋಪಿಯನ್ ಧಾತುವಿನಿಂದ ಲ್ಯಾಟಿನ್ನಿನ ಹೆಂಚಿನ ಪದ, ಅದರಿಂದ ನಾವು ಇಂದು ನೆಲಕ್ಕೆ ಹಾಸುವ ‘ಟೈಲ್ಸ್’ ಎಂಬ ಪದ, ಜರ್ಮನ್ನಿನ ಚಾವಣಿಯ ಪದ ಎಲ್ಲವೂ ಬಂದಿವೆ. ಸಂಸ್ಕೃತದಲ್ಲಿ ಮುಚ್ಚು ಎಂಬ ಅರ್ಥದ ‘ಸ್ಥಗ್’ ಧಾತುವನ್ನೂ ವಿದ್ವಾಂಸರು ಇದೇ ಗುಂಪಿಗೆ ಸೇರಿಸುತ್ತಾರೆ. ನಾವು ‘ನಿಂತುಹೋದ’ ಎಂಬ ಅರ್ಥದಲ್ಲಿ ಬಳಸುವ ‘ಸ್ಥಗಿತ’ ಪದವು ಸಂಸ್ಕೃತದಲ್ಲಿ ಮೊದಲಿಗೆ ‘ಮುಚ್ಚಲ್ಪಟ್ಟ’ ಎಂಬ ಅರ್ಥದ್ದು. ಇದು ಪದಗಳ ನಂಟೇ ಹೊರತು ಮನುಷ್ಯರ ನಂಟಲ್ಲ ಎಂಬುದನ್ನು ಮರೆಯಬಾರದು.

ಜಾಗದ ಹೆಸರು ಮನುಷ್ಯನ ಅಡ್ಡಹೆಸರಾದದ್ದು ಯಾವಾಗ?

1066ರ ನಾರ್ಮನ್ ಆಕ್ರಮಣಕ್ಕೆ ಮೊದಲು ಇಂಗ್ಲೆಂಡಿನ ಸಾಮಾನ್ಯ ಜನರಿಗೆ ವಂಶಪಾರಂಪರ್ಯವಾದ ಅಡ್ಡಹೆಸರು ಇರಲಿಲ್ಲ. ಬಂದ ನಾರ್ಮನ್ ಸರದಾರರು ತಮ್ಮ ಜಹಗೀರಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಳ್ಳುತ್ತಿದ್ದರು. ಆ ರೂಢಿ ಮೇಲಿನಿಂದ ಕೆಳಕ್ಕೆ, ದಕ್ಷಿಣದಿಂದ ಉತ್ತರಕ್ಕೆ ನಿಧಾನವಾಗಿ ಹರಿಯಿತು. ಒಂದೇ ಊರಿನಲ್ಲಿ ಜಾನ್, ವಿಲಿಯಂ, ರಾಬರ್ಟ್ ಎಂಬ ಕೆಲವೇ ಹೆಸರುಗಳು ತುಂಬಿಹೋದಾಗ ತೆರಿಗೆ ಬರೆಯುವವನಿಗೂ ಜಮೀನಿನ ಲೆಕ್ಕ ಇಡುವವನಿಗೂ ಯಾರು ಯಾರೆಂದು ಗುರುತಿಸಲು ಇನ್ನೊಂದು ಹೆಸರು ಬೇಕಾಯಿತು. ಸುಮಾರು 1400ರ ಹೊತ್ತಿಗೆ ಹೆಚ್ಚಿನ ಇಂಗ್ಲಿಷ್ ಕುಟುಂಬಗಳಿಗೆ ಅಡ್ಡಹೆಸರು ನಿಂತಿತ್ತು. ಯಾರ್ಕ್‌ಶೈರಿನಂಥ ಉತ್ತರದ ಭಾಗಗಳಲ್ಲಿ ಈ ಕೆಲಸ ತುಸು ತಡವಾಗಿ ಮುಗಿಯಿತು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಊರಿನಲ್ಲಿಯೇ ಇರುವವನನ್ನು ಊರಿನ ಹೆಸರಿನಿಂದ ಕರೆಯುವುದರಿಂದ ಪ್ರಯೋಜನವಿಲ್ಲ. ಊರು ಬಿಟ್ಟು ಬಂದವನನ್ನು ಹಾಗೆ ಕರೆದರೆ ಮಾತ್ರ ಗುರುತು ಸಿಗುತ್ತದೆ. ಹುಬ್ಬಳ್ಳಿಯವರನ್ನು ಹುಬ್ಬಳ್ಳಿಯಲ್ಲಿ ಯಾರೂ ‘ಹುಬ್ಬಳ್ಳಿ’ ಎನ್ನುವುದಿಲ್ಲ, ಬೇರೆ ಊರಿಗೆ ಹೋದ ಮೇಲೆ ಆ ಅಡ್ಡಹೆಸರು ಅಂಟುತ್ತದೆ. ದೊಡ್ಡ ಊರಿನ ಹೆಸರು ಅಡ್ಡಹೆಸರಾದಾಗ ಈ ನಿಯಮ ಬಹಳ ಮಟ್ಟಿಗೆ ನಿಜ. ಥ್ಯಾಕ್ರೇಯಂಥ ಒಂಟಿ ನೆಲೆಯಲ್ಲಿ ಮಾತ್ರ ಒಂದೇ ಮನೆಯವರು ವಾಸವಾಗಿರುವಾಗಲೇ ಜಾಗದ ಹೆಸರು ಅವರಿಗೆ ನಿಲ್ಲುವುದುಂಟು.

ಕಾಗುಣಿತದಲ್ಲಿ ಇಷ್ಟು ಬಗೆಗಳು ಏಕೆ?

ಥ್ಯಾಕ್ರೇ, ಥ್ಯಾಕರೆ, ಥ್ಯಾಕ್ರಾ, ಥ್ಯಾಕ್‌ವ್ರೇ, ಥ್ಯಾಕರಾ: ಇವೆಲ್ಲ ಒಂದೇ ಹೆಸರಿನ ರೂಪಗಳು. ಚರ್ಚಿನ ಪಾದ್ರಿ ಅಥವಾ ಗುಮಾಸ್ತನು ಕಿವಿಗೆ ಬಿದ್ದಂತೆ ಬರೆಯುತ್ತಿದ್ದನು. ಹೆಸರಿನವನಿಗೆ ಹಲವು ಸಲ ಓದಲು ಬರುತ್ತಿರಲಿಲ್ಲ, ಬಂದರೂ ಒಂದೇ ಸರಿಯಾದ ರೂಪವಿದೆ ಎಂಬ ಕಲ್ಪನೆ ಆಗ ಇರಲಿಲ್ಲ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ಆಜ್ಞೆಯಂತೆ ಪ್ರತಿ ಚರ್ಚೂ ನಾಮಕರಣ, ಮದುವೆ, ಶವಸಂಸ್ಕಾರಗಳ ಪುಸ್ತಕ ಇಡತೊಡಗಿತು. ಆ ಪುಸ್ತಕಗಳಲ್ಲಿ ಒಂದೇ ತಂದೆಯ ಮಕ್ಕಳಿಗೆ ಬೇರೆ ಬೇರೆ ಕಾಗುಣಿತ ಬಂದಿರುವುದು ಎಲ್ಲ ಅಡ್ಡಹೆಸರುಗಳಲ್ಲಿಯೂ ಸಾಮಾನ್ಯ. ‘ವ್ರಾ’ದ ವಕಾರ ಉಚ್ಚಾರದಲ್ಲಿ ಬಿದ್ದುಹೋಯಿತು, ನಡುವೆ ಉಚ್ಚಾರದ ಅನುಕೂಲಕ್ಕೆ ಒಂದು ಸ್ವರ ಸೇರಿತು. ಕಾಗುಣಿತ ನೋಡಿ ಎರಡು ಕುಟುಂಬಗಳು ಬೇರೆ ಎಂದು ತೀರ್ಮಾನಿಸುವುದು ಸಂಶೋಧನೆಯನ್ನು ಆರಂಭದಲ್ಲೇ ದಾರಿ ತಪ್ಪಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಹೆಸರಿನವರೆಲ್ಲರೂ ಒಂದೇ ಮೂಲದವರೇ?

ಹೆಸರಿಗೆ ಮೂಲವಾದ ನೆಲೆ ಒಂದೇ ಕಣಿವೆಯಲ್ಲಿತ್ತು, ಹೆಸರು ಬಹುಕಾಲ ಯಾರ್ಕ್‌ಶೈರಿನಲ್ಲಿಯೇ ದಟ್ಟವಾಗಿತ್ತು ಎಂಬುದು ಒಂದೇ ಮೂಲದ ಕಡೆಗೆ ಬೆರಳು ತೋರಿಸುತ್ತದೆಯಾದರೂ, ಒಂದೇ ನೆಲೆಯಿಂದ ಹೊರಟ ಎರಡು ಬೇರೆ ಕುಟುಂಬಗಳು ಅದೇ ಹೆಸರನ್ನು ಪಡೆಯುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ದಾಖಲೆಯ ಕೊಂಡಿ ಸಿಗುವವರೆಗೆ ಬಂಧುತ್ವವನ್ನು ಒಪ್ಪಬಾರದು.

ಯಾರ್ಕ್‌ಶೈರ್ ಬಿಟ್ಟು ಕದಲದ ಶಾಖೆಗಳಲ್ಲಿಯೂ ಗಣ್ಯರಿದ್ದಾರೆ. ಲೀಡ್ಸ್ ನಗರದ ವೈದ್ಯ ಚಾರ್ಲ್ಸ್ ಟರ್ನರ್ ಥ್ಯಾಕ್ರಾ (1795–1833) ಗಿರಣಿ ಮತ್ತು ಕಾರ್ಖಾನೆಗಳ ಕೂಲಿಕಾರರ ದೇಹಕ್ಕೆ ಅವರವರ ಕೆಲಸ ಮಾಡುವ ಹಾನಿಯನ್ನು ಕುರಿತು 1831ರಲ್ಲಿ ಪುಸ್ತಕ ಬರೆದು, ವೃತ್ತಿಸಂಬಂಧಿ ರೋಗಗಳ ಅಧ್ಯಯನಕ್ಕೆ ಬ್ರಿಟನ್ನಿನಲ್ಲಿ ಅಡಿಪಾಯ ಹಾಕಿದನು. ಅದೇ ನಗರದಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣ ತಯಾರಿಸುತ್ತಿದ್ದ ಥ್ಯಾಕ್ರೇ ಕಂಪನಿಯ ಹೆಸರನ್ನು ಇಂದು ಅಲ್ಲಿನ ವೈದ್ಯಕೀಯ ವಸ್ತುಸಂಗ್ರಹಾಲಯ ಹೊತ್ತಿದೆ. ಹಾಡುಗಾರ ಜೇಕ್ ಥ್ಯಾಕ್ರೇ (1938–2002) ಕೂಡ ಲೀಡ್ಸ್‌ನವನೇ. ನೀರು ಹರಿದ ದಿಕ್ಕಿನಲ್ಲೇ ಹೆಸರೂ ಹೋಗಿದೆ: ಕಣಿವೆಯಿಂದ ಲೀಡ್ಸ್‌ಗೆ.

ಭಾರತಕ್ಕೆ ಬಂದ ಥ್ಯಾಕರೆಗಳು ಯಾರು?

ಅವರ ಮೂಲ ಊರು ಹ್ಯಾರೋಗೇಟ್ ಬಳಿ, ನಿಡ್ ನದಿಯ ದಡದ ಹ್ಯಾಂಪ್ಸ್‌ಥ್ವೇಟ್. ಮುಳುಗಿದ ಥ್ಯಾಕ್ರೇ ನೆಲೆಗೆ ಇದು ದೂರವಲ್ಲ. ಅಲ್ಲಿ 1693ರಲ್ಲಿ ಹುಟ್ಟಿದ ಥಾಮಸ್ ಥ್ಯಾಕರೆ ಓದಿನ ಬಲದಿಂದ ಮೇಲೆ ಬಂದು, 1746ರಲ್ಲಿ ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯನಾಗಿ 1760ರಲ್ಲಿ ತೀರಿಕೊಂಡನು. ಅವನಿಗೆ 16 ಮಕ್ಕಳು. ಅಷ್ಟು ಮಕ್ಕಳ ಮನೆಗೆ ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಒಂದು ದೊಡ್ಡ ದಾರಿಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಕೊನೆಯ ಮಗ ವಿಲಿಯಂ ಮೇಕ್‌ಪೀಸ್ ಥ್ಯಾಕರೆ 1766ರಲ್ಲಿ ಹದಿಹರೆಯದಲ್ಲೇ ಬಂಗಾಳಕ್ಕೆ ಬಂದು, ಸಿಲ್ಹೆಟ್ಟಿನ ಕಲೆಕ್ಟರನಾಗಿ, ಆನೆಗಳ ವ್ಯಾಪಾರದಲ್ಲಿಯೂ ಹಣ ಮಾಡಿ, ಹತ್ತು ವರ್ಷಗಳಲ್ಲಿ ಇಂಗ್ಲೆಂಡಿಗೆ ಮರಳಿದನು. ಅವನ ಅಕ್ಕ ಜೇನ್, ಬಂಗಾಳವನ್ನು ಅಳೆದು ನಕ್ಷೆ ಮಾಡಿದ ಪ್ರಸಿದ್ಧ ಸರ್ವೇಯರ್ ಜೇಮ್ಸ್ ರೆನೆಲ್‌ನನ್ನು ಮದುವೆಯಾದಳು.

ಮರಳಿ ಹೋದವನ ಗಂಡುಮಕ್ಕಳಲ್ಲಿ ಹೆಚ್ಚಿನವರು ಮತ್ತೆ ಭಾರತಕ್ಕೇ ಬಂದರು. ವಿಲಿಯಂ ಮದ್ರಾಸ್ ಸೇವೆಗೆ ಸೇರಿ, ಬಳ್ಳಾರಿಯನ್ನೂ ಒಳಗೊಂಡಿದ್ದ, ನಿಜಾಮನು ಕಂಪನಿಗೆ ಬಿಟ್ಟುಕೊಟ್ಟಿದ್ದ ದತ್ತ ಮಂಡಲಗಳಲ್ಲಿ ಥಾಮಸ್ ಮನ್ರೋನ ಕೈಕೆಳಗೆ ದುಡಿದು, ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯ ಪರವಾಗಿ ವರದಿ ಬರೆದನು. ರಿಚ್ಮಂಡ್ ಕಲ್ಕತ್ತೆಯಲ್ಲಿ ರೆವಿನ್ಯೂ ಮಂಡಳಿಯ ಕಾರ್ಯದರ್ಶಿಯಾಗಿದ್ದು 1815ರಲ್ಲಿ ಅಲ್ಲೇ ಸತ್ತನು. ಥಾಮಸ್ ನೇಪಾಳದ ಯುದ್ಧದಲ್ಲಿ ಮಡಿದನು. ಸೇಂಟ್ ಜಾನ್ ಧಾರವಾಡಕ್ಕೆ ಬಂದನು. ಭಾರತದ ಮಣ್ಣಿನಲ್ಲಿ ಒಂದೇ ತಲೆಮಾರಿನ ಇಷ್ಟು ಸಹೋದರರನ್ನು ಕಳೆದುಕೊಂಡ ಕಂಪನಿ ಕುಟುಂಬಗಳು ವಿರಳ.

ಕಿತ್ತೂರಿನ ಥ್ಯಾಕರೆಗೂ ಕಾದಂಬರಿಕಾರನಿಗೂ ಏನು ಸಂಬಂಧ?

ಕಿತ್ತೂರಿನಲ್ಲಿ ಮಡಿದ ಸೇಂಟ್ ಜಾನ್ ಥ್ಯಾಕರೆ ಕಾದಂಬರಿಕಾರನ ಚಿಕ್ಕಪ್ಪ. ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆ, ಅಜ್ಜನ ಹೆಸರನ್ನೇ ಪಡೆದವನು, ಮೇಲೆ ಹೇಳಿದ ರಿಚ್ಮಂಡನ ಮಗ. 1811ರ ಜುಲೈ 18ರಂದು ಕಲ್ಕತ್ತೆಯಲ್ಲಿ ಹುಟ್ಟಿದನು. ತಂದೆ ಸತ್ತ ಮೇಲೆ ಐದು ವರ್ಷದ ಹುಡುಗನನ್ನು ಇಂಗ್ಲೆಂಡಿಗೆ ಕಳಿಸಿದರು. ಅವನು ಮತ್ತೆ ಭಾರತವನ್ನು ನೋಡಲಿಲ್ಲ. ಚಿಕ್ಕಪ್ಪ ಸತ್ತಾಗ ಅವನಿಗೆ 13 ವರ್ಷ.

ಘಟನೆಯನ್ನು ಕನ್ನಡಿಗರು ಬಲ್ಲರು, ಆದರೂ ದಿನಾಂಕಗಳನ್ನು ಇಲ್ಲಿ ಹೇಳುವುದು ಒಳ್ಳೆಯದು. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡನು. ಮನೆತನದವರು ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಥ್ಯಾಕರೆ ಒಪ್ಪದೆ, ಖಜಾನೆಗೆ ಮೊಹರು ಹಾಕಿಸಿ, ಸಂಸ್ಥಾನವನ್ನು ಕಂಪನಿಯ ಹತೋಟಿಗೆ ತರಲು ಹೊರಟನು. ಅಕ್ಟೋಬರ್ 23ರಂದು ಕೋಟೆಯ ಬಾಗಿಲಿಗೆ ತೋಪು ತಂದು ನಿಲ್ಲಿಸಿದಾಗ, ರಾಣಿ ಚೆನ್ನಮ್ಮನ ಸೈನ್ಯ ಒಳಗಿನಿಂದ ನುಗ್ಗಿ ಬಂದು ಎದುರಿಸಿತು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಲಿಯಾದನೆಂದು ಕಿತ್ತೂರಿನ ನೆನಪು ಹೇಳುತ್ತದೆ. ಅವನ ಸಹಾಯಕರಾಗಿದ್ದ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆ ಸಿಕ್ಕರು, ಅವರನ್ನು ರಾಣಿ ಜೀವಸಹಿತ ಬಿಟ್ಟುಕೊಟ್ಟಳು. ಆ ಎಲಿಯಟ್‌ನೇ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ನಕಲು ಸಂಗ್ರಹಿಸಿದ ಸರ್ ವಾಲ್ಟರ್ ಎಲಿಯಟ್. ರಾಣಿಯ ಆ ಔದಾರ್ಯವನ್ನು ನೆನೆಯುವಾಗ ನಮ್ಮ ಶಾಸನ ಅಧ್ಯಯನವೂ ಅದಕ್ಕೆ ಋಣಿಯೆಂಬುದನ್ನು ನೆನೆಯಬೇಕೆಂದು ನನಗೆ ಅನಿಸುತ್ತದೆ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ವಶಪಡಿಸಿಕೊಂಡಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು.

ಕಿತ್ತೂರಿನ ಥ್ಯಾಕರೆಯ ಹೆಸರು ಸೇಂಟ್ ಜಾನ್ ಎಂದರೆ ಅವನು ಪಾದ್ರಿಯಾಗಿದ್ದನೇ?

ಅಲ್ಲ. ಸೇಂಟ್ ಜಾನ್ ಎಂಬುದು ಇಂಗ್ಲಿಷರಲ್ಲಿ ಗಂಡಸರಿಗೆ ಇಡುವ ಒಂದು ಹೆಸರು. ಹೆಸರಾಗಿ ಬಂದಾಗ ಅದನ್ನು ರೂಢಿಯಲ್ಲಿ ‘ಸಿಂಜನ್’ ಎಂದು ಉಚ್ಚರಿಸುತ್ತಾರೆ. ಕನ್ನಡದ ಹಲವು ಬರಹಗಳಲ್ಲಿ ಬರಿಯ ‘ಜಾನ್ ಥ್ಯಾಕರೆ’ ಎಂದಿರುವುದು ಇದರ ಮೊದಲ ಭಾಗ ಬಿಟ್ಟುಹೋದದ್ದರಿಂದ.

‘ಮೇಕ್‌ಪೀಸ್’ ಎಂಬುದು ಬಿರುದೇ?

ಅದೂ ಒಂದು ಇಂಗ್ಲಿಷ್ ಅಡ್ಡಹೆಸರೇ. ‘ಶಾಂತಿ ಮಾಡಿಸುವವನು’ ಎಂಬ ಅರ್ಥದ್ದು. ಜಗಳ ಬಿಡಿಸುವುದರಲ್ಲಿ ಹೆಸರಾದವನಿಗೆ ಜನರು ಇಟ್ಟ ಹೆಸರು. ಬೇರೆ ಮನೆತನದ ಅಡ್ಡಹೆಸರನ್ನು ಮಗುವಿನ ನಡುಹೆಸರಾಗಿ ಇಡುವ ರೂಢಿ ಇಂಗ್ಲೆಂಡಿನಲ್ಲಿ ಬಹಳ ಹಳೆಯದು.

ಕಾದಂಬರಿಕಾರನ ವಂಶದಲ್ಲಿ ಹೆಸರು ಮುಂದುವರಿದಿದೆಯೇ?

ಅವನ ನೇರ ಸಾಲಿನಲ್ಲಿ ಇಲ್ಲ. ಅವನಿಗೆ ಗಂಡುಮಕ್ಕಳಿರಲಿಲ್ಲ, ಮೂವರು ಹೆಣ್ಣುಮಕ್ಕಳಲ್ಲಿ ಒಬ್ಬಳು ಶೈಶವದಲ್ಲೇ ಹೋದಳು. ಹಿರಿಯಳಾದ ಆ್ಯನ್ (1837–1919) ತಾನೂ ಲೇಖಕಿಯಾಗಿ, ಮದುವೆಯ ಬಳಿಕವೂ ತಂದೆಯ ಹೆಸರನ್ನು ಗಂಡನ ಹೆಸರಿನ ಜೊತೆ ಉಳಿಸಿಕೊಂಡು ಆ್ಯನ್ ಥ್ಯಾಕರೆ ರಿಚಿ ಎಂದು ಪ್ರಸಿದ್ಧಳಾದಳು. ಕಿರಿಯಳು ವಿದ್ವಾಂಸ ಲೆಸ್ಲಿ ಸ್ಟೀಫನ್‌ನ ಮೊದಲ ಹೆಂಡತಿ. ಆಕೆ 1875ರಲ್ಲಿ ತೀರಿಕೊಂಡ ಮೇಲೆ ಆತನ ಎರಡನೆಯ ಮದುವೆಯಿಂದ ಹುಟ್ಟಿದವಳೇ ಲೇಖಕಿ ವರ್ಜೀನಿಯಾ ವುಲ್ಫ್. ಕುಟುಂಬದ ಬೇರೆ ಶಾಖೆಗಳಲ್ಲಿ ಹೆಸರು ಮುಂದುವರಿಯಿತು. 1857ರ ದೆಹಲಿಯ ಕಾಳಗಕ್ಕಾಗಿ ವಿಕ್ಟೋರಿಯಾ ಕ್ರಾಸ್ ಪಡೆದ ಎಡ್ವರ್ಡ್ ಟಾಲ್ಬಟ್ ಥ್ಯಾಕರೆ ಅಂಥ ಒಂದು ಶಾಖೆಯವನು.

ಈ ಹೆಸರಿಗೆ ಒಂದು ಕುಲಲಾಂಛನವಿದೆಯೇ?

ಇಂಗ್ಲೆಂಡಿನ ಕಾನೂನಿನಲ್ಲಿ ಲಾಂಛನವನ್ನು ವ್ಯಕ್ತಿಗೆ ಮತ್ತು ಅವನ ಗಂಡು ಸಂತತಿಗೆ ಕೊಡುತ್ತಾರೆ, ಅಡ್ಡಹೆಸರಿಗೆ ಕೊಡುವುದಿಲ್ಲ. 1484ರಲ್ಲಿ ಸ್ಥಾಪನೆಯಾದ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್ ಇದನ್ನು ನೋಡಿಕೊಳ್ಳುತ್ತದೆ. ‘ನಿಮ್ಮ ಹೆಸರಿನ ಲಾಂಛನ’ ಎಂದು ಚೌಕಟ್ಟು ಹಾಕಿ ಮಾರುವ ಚಿತ್ರಗಳನ್ನು ಕೊಳ್ಳದಿರುವುದು ಲೇಸು.

ಭಾರತದಲ್ಲಿದ್ದ ಇಂಗ್ಲಿಷ್ ಕುಟುಂಬವೊಂದರ ಮೂಲವನ್ನು ಹುಡುಕುವುದು ಹೇಗೆ?

ಈಗಿನಿಂದ ಹಿಂದಕ್ಕೆ ಒಂದೊಂದೇ ತಲೆಮಾರಾಗಿ ಹೋಗಬೇಕು. ಪ್ರಸಿದ್ಧ ವ್ಯಕ್ತಿಯಿಂದ ಶುರುಮಾಡಿ ತಮ್ಮ ಕಡೆಗೆ ದಾರಿ ಹುಡುಕಿದರೆ ಸಿಗುವುದು ನಮಗೆ ಬೇಕಾದದ್ದೇ ಹೊರತು ನಿಜವಲ್ಲ. ಇಂಗ್ಲೆಂಡಿನಲ್ಲಿ 1837ರ ಜುಲೈ 1ರಿಂದ ಜನನ, ವಿವಾಹ, ಮರಣಗಳ ಸರ್ಕಾರಿ ನೋಂದಣಿ ಇದೆ. ಅದಕ್ಕೆ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳೇ ಗತಿ. ಬಂಗಾಳ, ಮದ್ರಾಸ್, ಮುಂಬಯಿ ಪ್ರೆಸಿಡೆನ್ಸಿಗಳ ಚರ್ಚುಗಳಿಂದ ಲಂಡನ್ನಿಗೆ ಕಳಿಸಿದ ನಾಮಕರಣ, ಮದುವೆ ಮತ್ತು ಶವಸಂಸ್ಕಾರಗಳ ಪಟ್ಟಿಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಕರ್ನಾಟಕದ ಕುಟುಂಬ ಹುಡುಕುವವರು ಒಂದು ಮಾತು ನೆನಪಿಡಬೇಕು: ಬಳ್ಳಾರಿ ಮತ್ತು ಮಂಗಳೂರು ಮದ್ರಾಸಿಗೆ ಸೇರಿದ್ದವು, ಧಾರವಾಡ ಮತ್ತು ಬೆಳಗಾವಿ ಮುಂಬಯಿಗೆ ಸೇರಿದ್ದವು.

ಮಹಾರಾಷ್ಟ್ರದ ಠಾಕ್ರೆ ಮನೆತನಕ್ಕೂ ಇದಕ್ಕೂ ಸಂಬಂಧವೇನು?

ರಕ್ತಸಂಬಂಧ ಇಲ್ಲ. ಠಾಕ್ರೆ ಎಂಬುದು ಮರಾಠಿ ಅಡ್ಡಹೆಸರು. ಸಮಾಜ ಸುಧಾರಕರೂ ಲೇಖಕರೂ ಆಗಿದ್ದ ಕೇಶವ ಸೀತಾರಾಮ ಠಾಕ್ರೆಯವರು, ಅಂದರೆ ಪ್ರಬೋಧನಕಾರ ಠಾಕ್ರೆ (1885–1973), ಇಂಗ್ಲಿಷಿನಲ್ಲಿ ಬರೆಯುವಾಗ ಕಾದಂಬರಿಕಾರನ ಮೇಲಿನ ಅಭಿಮಾನದಿಂದ ಅವನ ಕಾಗುಣಿತವನ್ನೇ ತಮ್ಮ ಹೆಸರಿಗೆ ಬಳಸಿದರೆಂದು ಹೇಳುತ್ತಾರೆ. ಅವರ ಮಗ ಬಾಳ ಠಾಕ್ರೆಯವರ ಕಾಲದಲ್ಲಿ ಆ ಕಾಗುಣಿತ ದೇಶಕ್ಕೆಲ್ಲ ಪರಿಚಯವಾಯಿತು. ಅದರಿಂದಾಗಿ ಇಂಗ್ಲಿಷ್ ಲಿಪಿಯಲ್ಲಿ ಎರಡೂ ಒಂದೇ ಆಗಿ ಕಾಣುತ್ತವೆ. ಗುಜರಾತಿನ ಠಕ್ಕರ್ ಹೆಸರೂ ಇಂಗ್ಲಿಷಿನ ಥ್ಯಾಕರ್ ಹೆಸರೂ ಹೀಗೆಯೇ ಬರಹದಲ್ಲಿ ಮಾತ್ರ ಸೇರಿಕೊಂಡಿವೆ.

ಹಾಗಾದರೆ ಕನ್ನಡದಲ್ಲಿ ಹೇಗೆ ಬರೆಯಬೇಕು?

ಇಂಗ್ಲಿಷರ ಬಾಯಲ್ಲಿ ಈ ಹೆಸರು ‘ಥ್ಯಾಕರಿ’ ಎಂಬುದಕ್ಕೆ ಹತ್ತಿರವಾಗಿದೆ. ಮೊದಲಕ್ಷರದ ಧ್ವನಿ ನಮ್ಮ ಥಕಾರವಲ್ಲ, ನಾಲಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ಉಸಿರು ಬಿಡುವ ಧ್ವನಿ. ಕಿತ್ತೂರಿನ ಲಾವಣಿ, ನಾಟಕ, ಪಠ್ಯಪುಸ್ತಕಗಳ ಮೂಲಕ ಕನ್ನಡದಲ್ಲಿ ‘ಥ್ಯಾಕರೆ’ ನೆಲೆಯೂರಿರುವುದರಿಂದ ಇಂಗ್ಲಿಷ್ ಮನೆತನಕ್ಕೆ ಆ ರೂಪವನ್ನೇ ಉಳಿಸಿಕೊಂಡು, ಮರಾಠಿ ಮನೆತನಕ್ಕೆ ‘ಠಾಕ್ರೆ’ ಎಂದು ಬರೆಯುವುದು ಸರಿ. ಇಂಗ್ಲಿಷ್ ಲಿಪಿ ಅಳಿಸಿಹಾಕಿದ ವ್ಯತ್ಯಾಸವನ್ನು ನಮ್ಮ ಲಿಪಿ ಒಂದೇ ಅಕ್ಷರದಲ್ಲಿ ತೋರಿಸಬಲ್ಲದು. ಇಂಗ್ಲಿಷ್ ಪತ್ರಿಕೆಯಿಂದ ಸುದ್ದಿಯನ್ನು ಕನ್ನಡಕ್ಕೆ ತರುವವರು ಇಷ್ಟನ್ನು ಗಮನದಲ್ಲಿಟ್ಟರೆ ಧಾರವಾಡದ ಕಲೆಕ್ಟರನು ಮರಾಠಿಗನಾಗುವ ತಪ್ಪು ನಡೆಯುವುದಿಲ್ಲ.